ಮೂಟೆಗೆ ತೂಕ ಬರೋದು ಎಲ್ಲಿಂದ?

ನಮ್ಮ ಅಂತರಸನಹಳ್ಳಿ ಕಡೆ ಮಗ ಇಂಜಿನಿಯರಿಂಗ್ ಮಾಡ್ತಿದ್ದಾನೆ ಅಂದರೆ ಜನ ಹೆಚ್ಚೇನೂ ಕೇಳುವುದಿಲ್ಲ. ‘ಒಳ್ಳೇದಾಯ್ತು ಬಿಡಿ’ ಅಂದು ಸುಮ್ಮನಾಗುತ್ತಾರೆ. ಮಗಳು ಅನಿಮೇಷನ್ ಓದ್ತಿದ್ದಾಳೆ ಅಂದರೆ ಮಾತ್ರ ವಿಚಾರಣೆ ಶುರು. ‘ಅದೇನು, ಕಾರ್ಟೂನಾ?’ ‘ಅದಕ್ಕೂ ಮೂರು ವರ್ಷ ಬೇಕಾ?’ ‘ಯೂಟ್ಯೂಬ್ ನೋಡ್ಕೊಂಡೇ ಕಲೀಬಹುದಂತಲ್ಲ, ಫೀಸು ಯಾಕೆ ದಂಡ?’ ಇವಕ್ಕೆಲ್ಲ ಉತ್ತರ ಹೇಳಿ ಹೇಳಿ ನಮ್ಮ ಚಿಕ್ಕಪ್ಪ ಸುಸ್ತಾಗಿದ್ದಾರೆ. ಅವರು ಇಲ್ಲಿನ ತರಕಾರಿ ಮಾರುಕಟ್ಟೆಯ ಒಂದು ಮಂಡಿಯಲ್ಲಿ ರೈಟರ್. ಅವರ ಮಗಳು, ಅಂದರೆ ನನ್ನ ತಂಗಿ, ಬೆಂಗಳೂರಿನ ಒಂದು ಕಾಲೇಜಿನಲ್ಲಿ ಅನಿಮೇಷನ್ ಪದವಿಯ ಕೊನೇ ವರ್ಷದಲ್ಲಿದ್ದಾಳೆ. ಮನೆತನದಲ್ಲಿ ಕಂಪ್ಯೂಟರ್ ಕೆಲಸದವನು ನಾನೊಬ್ಬನೇ ಆದ್ದರಿಂದ ಈ ಪ್ರಶ್ನೆಗಳೆಲ್ಲ ಸುತ್ತಿ ಸುತ್ತಿ ನನ್ನ ಹತ್ತಿರ ಬರುತ್ತವೆ. ನಾನು ಬರೆಯೋದು ಬ್ಯಾಂಕಿನ ಸಾಫ್ಟ್‌ವೇರು. ಆದರೂ ‘ಎಲ್ಲಾ ಒಂದೇ ಅಲ್ವೇನಪ್ಪಾ’ ಅನ್ನೋದು ಚಿಕ್ಕಪ್ಪನ ವಾದ.

ಈ ಸಲ ಬಂದ ಪ್ರಶ್ನೆ ಮಾತ್ರ ಹಗುರವಾಗಿರಲಿಲ್ಲ. ತಂಗಿ ಇಂಟರ್ನ್‌ಶಿಪ್ ಮಾಡುತ್ತಿದ್ದ ಸ್ಟುಡಿಯೋದವರು ‘ಈಗಲೇ ಬಂದು ಸೇರಿಕೋ, ತಿಂಗಳಿಗೆ 18,000 ಕೊಡ್ತೀವಿ’ ಅಂದಿದ್ದರು. ಸೇರಿದರೆ ಕೊನೇ ಸೆಮಿಸ್ಟರ್ ಬಿಟ್ಟ ಹಾಗೆ. ಬಿಟ್ಟರೆ ಫೀಸಿನ ಹಣ ಉಳಿಯುತ್ತೆ, ಮೇಲೆ ಸಂಬಳವೂ ಬರುತ್ತೆ. ಮೂರು ವರ್ಷದಲ್ಲಿ ಚಿಕ್ಕಪ್ಪ ಎರಡು ಚೀಟಿ ಎತ್ತಿದ್ದಾರೆ, ಗ್ರಾಫಿಕ್ಸ್ ಕಾರ್ಡ್ ಇರೋ ಕಂಪ್ಯೂಟರಿಗೇ 85,000 ಆಗಿದೆ. ಚಿಕ್ಕ ಮಗ ಈ ವರ್ಷ ಪಿಯುಸಿ. ‘ಕಲಿಯೋದೆಲ್ಲಾ ಕಲ್ತಾಗೈತೆ, ಕೆಲ್ಸಾನೂ ಕರೀತಾ ಐತೆ, ಇನ್ನೇನು?’ ಅಂತ ಚಿಕ್ಕಪ್ಪ ಕೇಳಿದಾಗ ನನಗೂ ಥಟ್ಟನೆ ಹೇಳಲು ಏನೂ ತೋಚಲಿಲ್ಲ. ಹಾಗಾಗಿ ಒಂದು ಭಾನುವಾರ ಅವಳ ಪಕ್ಕ ಕೂತು, ಯಾವುದನ್ನು ಎಲ್ಲಿಂದ ಕಲಿತೆ ಅಂತ ಒಂದೊಂದಾಗಿ ಕೇಳಿದೆ.

ಮೊದಲು ಯೂಟ್ಯೂಬ್ ವಿಷಯ. ಅಲ್ಲಿ ಸಿಗೋದು ಕಡಿಮೆಯೇನಲ್ಲ. ಅವಳು ಬಳಸುವ ಬ್ಲೆಂಡರ್ ಅನ್ನೋ ಸಾಫ್ಟ್‌ವೇರೇ ಉಚಿತ. ಇದರ ಕತೆ ನನ್ನಂಥವರಿಗೆ ಬಹಳ ಪ್ರೀತಿಯದು. 2002ರಲ್ಲಿ ಇದನ್ನು ಮಾಡಿದ ಕಂಪನಿ ಮುಚ್ಚಿಹೋದಾಗ ನೆದರ್ಲೆಂಡಿನ ಟಾನ್ ರೂಸೆಂಡಾಲ್ ಬಳಕೆದಾರರಿಂದಲೇ ಏಳು ವಾರದಲ್ಲಿ ಒಂದು ಲಕ್ಷ ಯೂರೋ ಎತ್ತಿ, ಸಾಫ್ಟ್‌ವೇರ್ ಬಿಡಿಸಿಕೊಂಡು, ಎಲ್ಲರಿಗೂ ಮುಕ್ತ ಮಾಡಿದರು. ಅದರಲ್ಲೇ ಮಾಡಿದ ‘ಫ್ಲೋ’ ಅನ್ನೋ ಲಾಟ್ವಿಯಾದ ಚಿತ್ರ 2025ರಲ್ಲಿ ಆಸ್ಕರ್ ಗೆದ್ದಿತು. ಬೆಕ್ಕಿನ ಕತೆ, ಒಂದೂ ಮಾತಿಲ್ಲ. ಇನ್ನೂ ನೋಡಿಲ್ಲದವರು ಮಕ್ಕಳ ಜೊತೆ ಕೂತು ನೋಡಿ.

ಬ್ಲೆಂಡರ್ ಕಲಿಯುವವರೆಲ್ಲ ಮೊದಲು ಮಾಡುವುದು ಒಂದು ಡೋನಟ್. ಆಂಡ್ರ್ಯೂ ಪ್ರೈಸ್ ಅನ್ನುವವರ ‘ಬ್ಲೆಂಡರ್ ಗುರು’ ಚಾನೆಲ್ಲಿನ ಪಾಠ ಅದು. ನಮ್ಮ ತಂಗಿಯೂ ಮಾಡಿದಳು. ಆಮೇಲೆ ಅದೇ ಪಾಠ ಇಟ್ಟುಕೊಂಡು ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಮಾಡಿದಳು, ಮೇಲೆ ಕರಗುತ್ತಿರೋ ಬೆಣ್ಣೆ ಸಮೇತ. ಚಿಕ್ಕಮ್ಮ ಅದನ್ನು ಫೋಟೋ ಅಂದುಕೊಂಡು ‘ಯಾವಾಗ ಹೋಗಿದ್ರಿ, ನಂಗೂ ತರಬಾರ್ದಿತ್ತಾ’ ಅಂತ ಬೈದಿದ್ದರು.

ಆದರೆ ಇಡ್ಲಿ ಸುಮ್ಮನೆ ಕೂತಿರುತ್ತೆ. ತೊಂದರೆ ಶುರುವಾಗಿದ್ದು ಮನುಷ್ಯನನ್ನು ನಡೆಸಲು ಹೋದಾಗ. ಕೊನೇ ವರ್ಷದ ಪ್ರಾಜೆಕ್ಟಿಗೆ ಅವಳು ಆರಿಸಿಕೊಂಡಿದ್ದು ನಮ್ಮ ಮಾರುಕಟ್ಟೆಯ ಒಬ್ಬ ಹಮಾಲಿ ಈರುಳ್ಳಿ ಮೂಟೆ ಎತ್ತಿ ಲಾರಿಗೆ ಹಾಕುವ ದೃಶ್ಯ. ಬರೀ 8 ಸೆಕೆಂಡು. ಸೆಕೆಂಡಿಗೆ 24 ಚಿತ್ರದಂತೆ 192 ಚಿತ್ರ. ಟ್ಯುಟೋರಿಯಲ್ ಹೇಳಿದ ಹಾಗೆ ಬಗ್ಗಿದ ಭಂಗಿ, ಎತ್ತಿದ ಭಂಗಿ, ನಡೆಯುವ ಭಂಗಿ ಎಲ್ಲ ಇಟ್ಟಳು. ನಡುವಿನ ಚಿತ್ರಗಳನ್ನು ಕಂಪ್ಯೂಟರೇ ತುಂಬಿಕೊಟ್ಟಿತು. ಓಡಿಸಿ ನೋಡಿದರೆ ಆ ಮನುಷ್ಯ 50 ಕೆಜಿ ಮೂಟೆಯನ್ನು ತಲೆದಿಂಬಿನ ಹಾಗೆ ಎತ್ತುತ್ತಿದ್ದಾನೆ!

ಇದು ನನಗೆ ಅರ್ಥವಾಗುವ ಭಾಗ. ಕಂಪ್ಯೂಟರಿಗೆ ಎರಡು ಬಿಂದು ಕೊಟ್ಟರೆ ನಡುವೆ ನುಣ್ಣಗೆ ಒಂದು ಗೆರೆ ಎಳೆಯುತ್ತೆ, ಅಷ್ಟೇ. ಮೂಟೆ ಭಾರ ಅಂತ ಅದಕ್ಕೆ ಗೊತ್ತಿಲ್ಲ. ಎಲ್ಲಿ ನಿಧಾನವಾಗಬೇಕು, ಎಲ್ಲಿ ಜಗ್ಗಬೇಕು, ಯಾವ ಚಿತ್ರದಲ್ಲಿ ಮೊಣಕಾಲು ಒಂಚೂರು ನಡುಗಬೇಕು ಅನ್ನೋದನ್ನು ಮನುಷ್ಯರೇ ಇಡಬೇಕು. ಕಾಲೇಜಿನಲ್ಲಿ ಮೊದಲ ವರ್ಷವೇ ಚೆಂಡು ಪುಟಿಸುವ ಪಾಠ ಇರುತ್ತೆ. ಒಂದೇ ಅಳತೆಯ ಎರಡು ಗುಂಡು ಬರೆದು, ಒಂದು ರಬ್ಬರು, ಇನ್ನೊಂದು ಕಬ್ಬಿಣ ಅಂತ ಬರೀ ಚಲನೆಯಲ್ಲೇ ತೋರಿಸಬೇಕು. ಡಿಸ್ನಿಯ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ಪುಸ್ತಕ ಮಾಡಿ ಹೇಳಿದ 12 ಸೂತ್ರಗಳನ್ನು ಎಲ್ಲ ಕಡೆ ಕಲಿಸುತ್ತಾರೆ. ಜಿಗಿಯುವ ಮೊದಲು ಕುಗ್ಗಬೇಕು, ನಿಂತ ಮೇಲೂ ಕೈ ಸ್ವಲ್ಪ ಮುಂದೆ ಹೋಗಿ ಬರಬೇಕು, ಇಂಥವು. ತಂಗಿಗೆ ಹನ್ನೆರಡೂ ಬಾಯಿಪಾಠ. ಮೂಟೆ ಮಾತ್ರ ದಿಂಬಾಗಿಯೇ ಇತ್ತು.

ಅವಳ ಮೇಷ್ಟ್ರು ಕ್ಲಾಸಿನಲ್ಲಿ ಎಲ್ಲರೆದುರು ಅದನ್ನು ನಾಲ್ಕು ಸಲ ಓಡಿಸಿ, ‘ನೀನು ಯಾವತ್ತಾದ್ರೂ ಮೂಟೆ ಎತ್ತೋದನ್ನ ನೋಡಿದೀಯಾ?’ ಅಂತ ಕೇಳಿದರಂತೆ. ಮಂಡಿ ರೈಟರ್ ಮಗಳಿಗೆ ಈ ಮಾತು! ಉರಿದುಕೊಂಡೇ ಊರಿಗೆ ಬಂದವಳು ಬೆಳಗಿನ ಜಾವವೇ ಅಪ್ಪನ ಜೊತೆ ಮಾರುಕಟ್ಟೆಗೆ ಹೋಗಿ, ಮಂಡಿ ಕಟ್ಟೆ ಮೇಲೆ ಕೂತು ಮೊಬೈಲಲ್ಲಿ ಒಂದು ಗಂಟೆ ವಿಡಿಯೋ ತೆಗೆದಳು. ಮನೆಗೆ ಬಂದು ಒಂದೊಂದೇ ಚಿತ್ರ ನಿಲ್ಲಿಸಿ ನೋಡಿದಾಗ ಕಂಡಿದ್ದು ಬೇರೆ ಲೋಕ. ಎತ್ತುವ ಮೊದಲು ಪಾದ ಅಗಲವಾಗುತ್ತೆ. ಒಬ್ಬನೇ ಎತ್ತೋದೇ ಇಲ್ಲ, ಇನ್ನಿಬ್ಬರು ಹಿಡಿದು ಬೆನ್ನಿಗೆ ಕೊಡುತ್ತಾರೆ. ಬೆನ್ನಿಗೆ ಬಿದ್ದ ಕ್ಷಣ ಮೈಯೆಲ್ಲ ಒಂದು ಗೇಣು ಕುಸಿದು ಮೇಲೇಳುತ್ತೆ. ಹೆಜ್ಜೆ ಪುಟ್ಟ ಪುಟ್ಟದು, ಆದರೆ ಬೇಗ ಬೇಗ. ಭಾರ ಇದ್ದವನು ನಿಧಾನ ನಡೀತಾನೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ನಿಧಾನ ನಡೆದರೆ ಭಾರ ಹೊರುವ ಹೊತ್ತು ಜಾಸ್ತಿ ಆಗುತ್ತಲ್ಲ, ಅದಕ್ಕೇ ಅವರು ಹೆಚ್ಚು ಕಡಿಮೆ ಓಡುತ್ತಾರೆ.

ಐದು ವಾರ ಕೂತು ತಿದ್ದಿದಳು. ತಿದ್ದಿದ ಮೇಲೆ ಮಂಡಿಯ ಹಮಾಲಿ ಒಬ್ಬರಿಗೆ ಮೊಬೈಲಲ್ಲಿ ತೋರಿಸಿದಳು. ಅವರು ಎರಡು ಸಲ ನೋಡಿ, ‘ಚೆನ್ನಾಗೈತೆ ಕಣವ್ವ. ಆದ್ರೆ ಈವಪ್ಪ ಮುಂದುಕ್ಕೆ ನೋಡ್ಕಂಡು ಹೋಯ್ತಾವ್ನೆ. ನಾವು ನೆಲ ನೋಡ್ತೀವಿ. ಕಾಲ್ಕೆಳಗೆ ಕೊಳ್ತಿರೋ ಟೊಮೊಟೊ ಇದ್ರೆ ಸೊಂಟ ಹೋಯ್ತು’ ಅಂದರು. ಹದಿಮೂರನೇ ಸೂತ್ರ ಅಂತ ನಾನು ಅದನ್ನು ಬರೆದಿಟ್ಟುಕೊಂಡಿದ್ದೇನೆ.

ಇನ್ನು ಸ್ಟುಡಿಯೋ. ಇಂಟರ್ನ್‌ಶಿಪ್ಪಿನಲ್ಲಿ ಅವಳಿಗೆ ಕೊಟ್ಟಿದ್ದು ರೋಟೋ ಕೆಲಸ. ಸಿನಿಮಾದ ದೃಶ್ಯದಲ್ಲಿ ನಟನ ಸುತ್ತ ಒಂದೊಂದು ಚಿತ್ರದಲ್ಲೂ ಗೆರೆ ಎಳೆದು ಹಿನ್ನೆಲೆಯಿಂದ ಬಿಡಿಸುವುದು. 4 ಸೆಕೆಂಡಿನ ದೃಶ್ಯ ಅಂದರೆ 96 ಚಿತ್ರ. ಗಾಳಿಗೆ ಕೂದಲು ಹಾರುತ್ತಿದ್ದರೆ ಮುಗೀತು ಕತೆ. ತುಮಕೂರಿನಿಂದ ಯಶವಂತಪುರಕ್ಕೆ ರೈಲು, ಅಲ್ಲಿಂದ ಬಸ್ಸು, ದಿನವಿಡೀ ಕೂದಲು ಬಿಡಿಸೋದು, ಮತ್ತೆ ರೈಲು. ಇದರಲ್ಲಿ ಕಲಿಯೋದೇನು ಅಂತ ಮೂಗು ಮುರಿಯಬೇಡಿ. ಕಾಲೇಜಿನಲ್ಲಿ ಒಂದು ವಾರ ತಡವಾದರೆ ಅಂಕ ಹೋಗುತ್ತೆ, ಇಲ್ಲಿ ಒಂದು ದಿನ ತಡವಾದರೆ ಮುಂದಿನವರ ಕೆಲಸ ನಿಲ್ಲುತ್ತೆ. ಫೈಲಿಗೆ ಹೆಸರಿಡೋದು ಹೇಗೆ, ಹಿರಿಯರು ಕೊಟ್ಟ ತಿದ್ದುಪಡಿಯನ್ನು ಮುಖ ಸಿಂಡರಿಸದೆ ಹೇಗೆ ಮಾಡೋದು, ‘ಇಷ್ಟು ಸಾಕು’ ಅಂತ ಎಲ್ಲಿ ನಿಲ್ಲಿಸೋದು, ಇವೆಲ್ಲ ಅಲ್ಲೇ ಬಂದಿದ್ದು. ನಮ್ಮಲ್ಲೂ ಹೊಸಬರು ಇದನ್ನೆಲ್ಲ ಆಫೀಸಿಗೆ ಬಂದ ಮೇಲೇ ಕಲಿಯೋದು. ಒಂದು ಉಪಾಯವನ್ನೂ ಅಲ್ಲಿಂದ ಹೊತ್ತು ತಂದಳು: ರೆಂಡರ್ ಮಾಡುವಾಗ ನೇರ ವಿಡಿಯೋ ಮಾಡಬಾರದು, ಬಿಡಿ ಬಿಡಿ ಚಿತ್ರವಾಗಿ ಉಳಿಸಬೇಕು. ಅವಳ 192 ಚಿತ್ರಕ್ಕೆ ತಲಾ 5 ನಿಮಿಷ ಅಂದರೂ 16 ಗಂಟೆ. ನಡುವೆ ಕರೆಂಟು ಹೋದರೆ? ಬಿಡಿ ಚಿತ್ರವಾದರೆ ನಿಂತಲ್ಲಿಂದ ಮುಂದುವರಿಸಬಹುದು. ಬೆಸ್ಕಾಂ ಗ್ರಾಹಕರಿಗೆ ಇದಕ್ಕಿಂತ ಉಪಯುಕ್ತ ಪಾಠ ಇನ್ನೊಂದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ನಾನು ಕೇಳಿದ ಕೊನೇ ಪ್ರಶ್ನೆ, ‘ನಾಳೆ ಬೇರೆ ಕಡೆ ಕೆಲಸ ಕೇಳೋಕೆ ಹೋದರೆ ಏನು ತೋರಿಸ್ತೀಯಾ?’ ಈ ಲೈನಿನಲ್ಲಿ ಅಂಕಪಟ್ಟಿಗಿಂತ ಮೊದಲು ಕೇಳೋದು ಶೋರೀಲ್. ನೀನೇ ಮಾಡಿದ ಕೆಲಸದ ಒಂದು ನಿಮಿಷದ ತುಣುಕು. ಸ್ಟುಡಿಯೋದಲ್ಲಿ ಮಾಡಿದ ರೋಟೋವನ್ನು ಸಿನಿಮಾ ಬಿಡುಗಡೆಯಾಗುವ ತನಕ ಹೊರಗೆ ತೋರಿಸುವ ಹಾಗಿಲ್ಲ, ಸಹಿ ಹಾಕಿಸಿಕೊಂಡಿದ್ದಾರೆ. ನನ್ನ ಆಫೀಸಿನ ಕೋಡೂ ಅಷ್ಟೇ, ಹತ್ತು ಸಾವಿರ ಸಾಲು ಬರೆದಿದ್ದರೂ ಒಂದು ಸಾಲು ನನ್ನದಲ್ಲ. ಡೋನಟ್ ತೋರಿಸೋಣ ಅಂದರೆ ಜಗತ್ತಿನ ಎಲ್ಲರ ಹತ್ತಿರವೂ ಅದೇ ಡೋನಟ್ ಇದೆ. ಉಳಿದಿದ್ದು ಹಮಾಲಿಯ 8 ಸೆಕೆಂಡು. ಅದು ಕಾಲೇಜಿನ ಪ್ರಾಜೆಕ್ಟು, ಪೂರ್ತಿ ಒಂದು ನಿಮಿಷ ಆಗಬೇಕಾದರೆ ಕೊನೇ ಸೆಮಿಸ್ಟರ್ ಬೇಕು. ನಾಲ್ಕು ಸಲ ಓಡಿಸಿ ಕೆಣಕುವ ಮೇಷ್ಟ್ರೂ ಬೇಕು. ಸಂಬಳದ ಕೆಲಸಕ್ಕೆ ಸೇರಿ ರಾತ್ರಿ ಹತ್ತಕ್ಕೆ ಮನೆಗೆ ಬರುವವಳು ಅದನ್ನು ಮುಗಿಸುತ್ತಾಳೆ ಅಂತ ನನಗೆ ನಂಬಿಕೆಯಿಲ್ಲ. ರೋಟೋದಂಥ ಕೆಲಸಕ್ಕೆ ಸಾಫ್ಟ್‌ವೇರೇ ಅಂಚು ಗುರುತಿಸಿ ಕತ್ತರಿಸುವ ಸೌಲಭ್ಯಗಳೂ ಬಂದಿವೆ, ದಿನೇ ದಿನೇ ಚುರುಕಾಗುತ್ತಿವೆ. ಮೂರು ವರ್ಷದ ಓದನ್ನು ಅದೊಂದಕ್ಕೇ ಕಟ್ಟಿಹಾಕೋದು ಬೇಡ ಅಂದೆ.

ಚಿಕ್ಕಪ್ಪ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಕೈಗೆ ಬಂದ ಕೆಲಸ ಬಿಡಬಾರದು ಅನ್ನೋದು ಅವರ ಬದುಕು ಕಲಿಸಿದ ಪಾಠ, ಅದನ್ನು ತಪ್ಪು ಅನ್ನಲು ನಾನ್ಯಾರು? ಆದರೆ 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಬಾಗಿಲು ಹಾಕಿದ್ದು ಅವರಿಗೂ ನೆನಪಿತ್ತು. ‘ಮುಫಾಸಾ’ದಂಥ ಸಿನಿಮಾಗಳಿಗೆ ಕೆಲಸ ಮಾಡಿದ್ದ ಎಂಪಿಸಿ ಆ ಗುಂಪಿನದೇ. ನಮ್ಮ ದೇಶದಲ್ಲಿ ಸಾವಿರಾರು ಜನರ ಕೆಲಸ ಹೋಯಿತು, ಹೆಚ್ಚಿನವರು ಬೆಂಗಳೂರಿನವರೇ. ಅಷ್ಟು ದೊಡ್ಡ ಕಂಪನಿಯೇ ಹಾಗಾದಾಗ 18,000ದ ಕೆಲಸವನ್ನು ಶಾಶ್ವತ ಅಂದುಕೊಳ್ಳೋದು ಹೇಗೆ ಅಂತ ಕೇಳಿದೆ. ಸರ್ಕಾರ ಏನೂ ಮಾಡಲ್ವಾ ಅಂತ ಅವರು ಕೇಳಿದರು. ಮಾಡಿದೆ. ಅನಿಮೇಷನ್ ಮತ್ತು ಗೇಮಿಂಗ್‌ಗೆ ಅಂತಲೇ 2012ರಲ್ಲಿ ನೀತಿ ತಂದ ಮೊದಲ ರಾಜ್ಯ ಕರ್ನಾಟಕ, ಈಗ 2024-29ರ ಹೊಸ ನೀತಿಯೂ ಇದೆ. ಮಹದೇವಪುರದಲ್ಲಿ ಇದಕ್ಕೊಂದು ಉತ್ಕೃಷ್ಟತಾ ಕೇಂದ್ರವಿದೆ. ನಮ್ಮ ಊರಿಂದ ಅಲ್ಲಿಗೆ ಹೋಗಬೇಕಾದರೆ ಇಡೀ ಬೆಂಗಳೂರನ್ನು ಈ ತುದಿಯಿಂದ ಆ ತುದಿಗೆ ದಾಟಬೇಕು ಅನ್ನೋದು ಬೇರೆ ಮಾತು. ಇನ್ಫೋಸಿಸ್‌ನಲ್ಲಿದ್ದ ರವಿಶಂಕರ್ ಜನರಿಂದ ಹಣ ಕೂಡಿಸಿ, ನಮ್ಮ ಗೋವಿನ ಹಾಡಿನ ಕತೆಯನ್ನೇ ‘ಪುಣ್ಯಕೋಟಿ’ ಅಂತ ಸಂಸ್ಕೃತದ ಅನಿಮೇಷನ್ ಚಿತ್ರ ಮಾಡಿ 2020ರಲ್ಲಿ ನೆಟ್‌ಫ್ಲಿಕ್ಸ್‌ಗೆ ತಂದದ್ದನ್ನೂ ಹೇಳಿದೆ. ಚಿಕ್ಕಮ್ಮನಿಗೆ ಆ ಮಾತು ಹಿಡಿಸಿತು. ಚಿಕ್ಕಪ್ಪ ‘ಅದಕ್ಕೆ ವರ್ಷಗಟ್ಲೆ ಹಿಡಿದಿರ್ತೈತಲ್ಲ’ ಅಂದು ಲೆಕ್ಕದ ಪುಸ್ತಕ ತೆಗೆದರು.

ಕೊನೆಗೆ ತಂಗಿಯೇ ಸ್ಟುಡಿಯೋಗೆ ಫೋನ್ ಮಾಡಿ, ಪರೀಕ್ಷೆ ಮುಗಿದ ಮೇಲೆ ಸೇರಬಹುದಾ ಅಂತ ಕೇಳಿದಳು. ‘ಆಗ ಜಾಗ ಇದ್ರೆ ನೋಡೋಣ’ ಅಂದಿದ್ದಾರೆ, ಮಾತು ಕೊಟ್ಟಿಲ್ಲ. ಫೀಸಿಗೆ ಚಿಕ್ಕಪ್ಪ ಅರ್ಧ ಹೊಂದಿಸಿದರು, ಉಳಿದರ್ಧ ನನ್ನದು. ಸಾಲ ಅಂತ ಅವರೇ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಬರೆದುಕೊಂಡಿದ್ದಾರೆ, ಬಡ್ಡಿ ಕಾಲಂ ಮಾತ್ರ ಖಾಲಿ.

ಈಗ ದೃಶ್ಯ 8ರಿಂದ 22 ಸೆಕೆಂಡಿಗೆ ಬಂದಿದೆ. ಲಾರಿ ಬಂದಿದೆ, ತಕ್ಕಡಿ ಬಂದಿದೆ, ನೆಲದ ಮೇಲೆ ಕೊಳೆತ ಟೊಮೊಟೊವೂ ಬಂದಿದೆ. ಮುಂದೆ ಹರಾಜು ಕೂಗುವವನ ಕೈ ಮತ್ತು ಬಾಯಿ ಆಗಬೇಕು. ಅದಕ್ಕೆ ಬೇಕಾದ ವಿಡಿಯೋಗಳನ್ನು ಬೆಳಗಿನ ಜಾವ ಚಿಕ್ಕಪ್ಪನೇ ತೆಗೆದು ವಾಟ್ಸ್‌ಆಪಿನಲ್ಲಿ ಕಳಿಸುತ್ತಾರೆ. ಅರ್ಧಕ್ಕರ್ಧ ವಿಡಿಯೋಗಳಲ್ಲಿ ಕಾಣೋದು ಅವರ ಹೆಬ್ಬೆರಳೇ.