ಮೂರು ಸಲ ತೊಂಬತ್ತು, ಮೂರು ಥರದ ಫಲಿತಾಂಶ

ಸಿಯಾಟಲ್ ಮ್ಯಾರಿನರ್ಸ್ ಎಂಬ ಬೇಸ್‌ಬಾಲ್ ತಂಡ 2021ರಲ್ಲಿ 90 ಪಂದ್ಯ ಗೆದ್ದು 72 ಸೋತಿತು. ಪ್ಲೇಆಫ್ ಸಿಗಲಿಲ್ಲ. 2022ರಲ್ಲೂ ಸರಿಯಾಗಿ 90 ಗೆಲುವು, 72 ಸೋಲು. 21 ವರ್ಷಗಳ ನಂತರ ಪ್ಲೇಆಫ್ ಸಿಕ್ಕಿತು. ಈ ವರ್ಷ, 2025ರಲ್ಲಿ, ಮತ್ತೆ ಅದೇ 90, ಅದೇ 72. ಈ ಸಲ ತನ್ನ ವಿಭಾಗದಲ್ಲಿ ಮೊದಲ ಸ್ಥಾನ. ಇನ್ನೊಂದೇ ಒಂದು ಪಂದ್ಯ ಗೆದ್ದಿದ್ದರೆ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ವಿಶ್ವ ಸರಣಿ ಆಡುತ್ತಿತ್ತು. ಅಂಕ ಒಂದೇ, ಫಲಿತಾಂಶ ಮೂರು ಥರ. ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ನನ್ನಂಥವರಿಗೆ ಇದು ತೀರಾ ಹೊಸದೇನಲ್ಲ. ನಮ್ಮ ಕಟ್‌ಆಫ್ ಕೂಡ ವರ್ಷಕ್ಕೊಂದು ಕಡೆ ನಿಲ್ಲುತ್ತದೆ.

ಅಕ್ಕ–ಭಾವ ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿದ್ದಾರೆ. ಭಾವ ಕಳಿಸಿದ ಒಂದು ಟೋಪಿಯಿಂದ ಶುರುವಾದ ಹುಚ್ಚು ಇದು. ಅಲ್ಲಿ ಸಂಜೆ 7.10ಕ್ಕೆ ಶುರುವಾಗುವ ಆಟ ಬೇಸಿಗೆಯಲ್ಲಿ ನಮಗೆ ಮರುದಿನ ಬೆಳಿಗ್ಗೆ 7.40ಕ್ಕೆ ಸಿಗುತ್ತದೆ. ಉಪ್ಪಿಟ್ಟು ತಿನ್ನುತ್ತಾ ನೋಡಬಹುದು. ಪಿ.ಜಿ.ಯಲ್ಲಿ ಜೊತೆಗಿರುವವರು ‘ಆರ್‌ಸಿಬಿಗೆ ಹದಿನೆಂಟು ವರ್ಷ ಕಾದಿದ್ದು ಸಾಲಲಿಲ್ಲವಾ’ ಎಂದು ಕಾಲೆಳೆಯುತ್ತಾರೆ. ಮ್ಯಾರಿನರ್ಸ್ ಹುಟ್ಟಿದ್ದು 1977ರಲ್ಲಿ. 30 ಮೇಜರ್ ಲೀಗ್ ತಂಡಗಳಲ್ಲಿ ವಿಶ್ವ ಸರಣಿಯ ಮೆಟ್ಟಿಲನ್ನೇ ಹತ್ತದಿರುವುದು ಇದೊಂದೇ.

ಮುಂದಿನ ವರ್ಷ ಈ ತಂಡ ಪ್ಲೇಆಫ್‌ಗೆ ಬರುತ್ತದೆಯೇ ಎಂದು ಲೆಕ್ಕ ಹಾಕುವ ಮೊದಲು ಆಟದ ಸ್ವಭಾವ ಹೇಳಬೇಕು. ಐಪಿಎಲ್‌ನಲ್ಲಿ ಒಂದು ತಂಡ ಆಡುವುದು 14 ಲೀಗ್ ಪಂದ್ಯ. ಇಲ್ಲಿ 162. ಆರು ತಿಂಗಳು, ಹೆಚ್ಚುಕಡಿಮೆ ದಿನಕ್ಕೊಂದು. ಅತ್ಯುತ್ತಮ ತಂಡವೂ ವಾರಕ್ಕೆರಡು ಸಲ ಸೋಲುತ್ತದೆ. ಈ ವರ್ಷ ಎಲ್ಲರಿಗಿಂತ ಹೆಚ್ಚು ಗೆದ್ದ ಮಿಲ್ವಾಕಿ ಬ್ರೂವರ್ಸ್ ಕೂಡ 97 ಗೆದ್ದು 65 ಸೋತಿತು. 2022ರಿಂದ 12 ತಂಡಗಳಿಗೆ ಪ್ಲೇಆಫ್ ಸಿಗುತ್ತಿದೆ. ಹತ್ತರಲ್ಲಿ ನಾಲ್ಕು, ಮೂವತ್ತರಲ್ಲಿ ಹನ್ನೆರಡು: ಐಪಿಎಲ್‌ದೂ ಇದರದೂ ಒಂದೇ ಪ್ರಮಾಣ. 2021ರಲ್ಲಿ ಹತ್ತೇ ತಂಡಗಳಿಗೆ ಜಾಗವಿತ್ತು. ಹನ್ನೆರಡು ಜಾಗವಿದ್ದಿದ್ದರೂ ಆ ವರ್ಷದ 90 ಸಾಲುತ್ತಿರಲಿಲ್ಲ.

ಜಾಗ ಹೆಚ್ಚಾದ ಮೇಲಾದರೂ ನೆಮ್ಮದಿ ಸಿಕ್ಕಿತೇ ಎಂದರೆ ಇಲ್ಲ. 2023ರಲ್ಲಿ ಮ್ಯಾರಿನರ್ಸ್ 88 ಗೆದ್ದಿತು. ಕೊನೆಯ ಜಾಗ ಹಿಡಿದ ಟೊರಾಂಟೊ ಗೆದ್ದದ್ದು 89. 2024ರಲ್ಲಿ ನಮ್ಮದು 85. ಕನ್ಸಾಸ್ ಸಿಟಿ, ಡೆಟ್ರಾಯಿಟ್ ಎರಡೂ 86. ಎರಡು ವರ್ಷ ಸತತವಾಗಿ ಒಂದೊಂದೇ ಗೆಲುವಿನಲ್ಲಿ ಬಾಗಿಲು ಮುಚ್ಚಿತು. 162ರಲ್ಲಿ ಒಂದು! ಏಪ್ರಿಲ್‌ನಲ್ಲಿ ಯಾವುದೋ ಮಂಗಳವಾರ ಬೇಜವಾಬ್ದಾರಿಯಿಂದ ಕೈಬಿಟ್ಟ ಪಂದ್ಯವೇ ಅದಾಗಿರಬಹುದು. ಇನ್ನೂ ಹೊಟ್ಟೆ ಉರಿಸುವ ಸಂಗತಿ ಬೇರೆ ಇದೆ. 2023ರಲ್ಲಿ ನಮ್ಮದೇ ವಿಭಾಗದ ಟೆಕ್ಸಸ್ ರೇಂಜರ್ಸ್ 90 ಗೆದ್ದು ಒಳಗೆ ಹೋಯಿತು, ಹೋಗಿ ಕಪ್ಪನ್ನೇ ಎತ್ತಿತು. ಫೈನಲ್‌ನಲ್ಲಿ ಅದರ ಎದುರಾಳಿ ಅರಿಜೋನಾ, ಲೀಗ್ ಹಂತದಲ್ಲಿ ಬರೀ 84 ಗೆದ್ದ ತಂಡ. ನಾವು ಅವರಿಗಿಂತ ನಾಲ್ಕು ಹೆಚ್ಚು ಗೆದ್ದು ಮನೆಯಲ್ಲಿದ್ದೆವು.

ಒಳಗೆ ಕಾಲಿಟ್ಟರೆ ಯಾರು ಬೇಕಾದರೂ ಗೆಲ್ಲಬಹುದು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ತದ್ವಿರುದ್ಧವೂ ನಿಜ. 2001ರಲ್ಲಿ ಇಚಿರೊ ಸುಜುಕಿ ಬಂದ ವರ್ಷ ಮ್ಯಾರಿನರ್ಸ್ 116 ಗೆದ್ದಿತ್ತು, ಅದು ಅಮೆರಿಕನ್ ಲೀಗ್‌ನ ದಾಖಲೆ. ಪ್ಲೇಆಫ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ಎದುರು ಐದೇ ಪಂದ್ಯದಲ್ಲಿ ಕಥೆ ಮುಗಿಯಿತು. ಈ ವರ್ಷ 97 ಗೆದ್ದ ಮಿಲ್ವಾಕಿಯನ್ನು ಲಾಸ್ ಏಂಜಲೀಸ್ ಡಾಡ್ಜರ್ಸ್ 4–0ಯಿಂದ ಗುಡಿಸಿ ಹಾಕಿತು. ಹಾಗಾಗಿ ಅಭಿಮಾನಿಯಾಗಿ ನಾನು ತಂಡದ ಆಡಳಿತದಿಂದ ಕೇಳುವುದು ಕಪ್ಪನ್ನಲ್ಲ. ಪ್ರತಿ ವರ್ಷ ಬಾಗಿಲು ದಾಟಿಸಿ, ಸಾಕು.

ಜಗಳ ಇರುವುದೇ ಇಲ್ಲಿ. 2023ರ ಕೊನೆಯಲ್ಲಿ ತಂಡದ ಬೇಸ್‌ಬಾಲ್ ವ್ಯವಹಾರಗಳ ಮುಖ್ಯಸ್ಥ ಜೆರಿ ಡಿಪೋಟೊ, ಹತ್ತು ವರ್ಷ ಒಟ್ಟಾರೆ ನೂರಕ್ಕೆ 54ರಷ್ಟು ಗೆಲ್ಲುತ್ತಾ ಹೋದರೆ ವಿಶ್ವ ಸರಣಿ ತಾನಾಗಿ ಬರುತ್ತದೆ ಎಂಬರ್ಥದ ಮಾತಾಡಿದರು. ಒಂದೇ ವರ್ಷಕ್ಕೆ ಎಲ್ಲವನ್ನೂ ಸುರಿಯುವುದು ಬೇಡ, ನಿಧಾನವಾಗಿ ಕಟ್ಟೋಣ ಎಂಬ ಲೆಕ್ಕ. ಅಭಿಮಾನಿಗಳು ಸಿಡಿದೆದ್ದರು. ನಾನು ಕ್ಯಾಲ್ಕುಲೇಟರ್ ಹಿಡಿದು ಕೂತೆ. 162ರಲ್ಲಿ ನೂರಕ್ಕೆ 54 ಎಂದರೆ ಸುಮಾರು 87.5 ಗೆಲುವು. ಅಂದರೆ ಸರಿಯಾಗಿ 2023ರ ಜಾಗ, ಬಾಗಿಲ ಹೊರಗಿನ ಮೆಟ್ಟಿಲು! ಈ ವರ್ಷದ 90 ಎಂದರೆ ನೂರಕ್ಕೆ 55.6. ಇವೆರಡರ ನಡುವಿನ ಎರಡು ಮೂರು ಗೆಲುವನ್ನು ಬರೀ ತಾಳ್ಮೆಯಿಂದ ತರಲಾಗದು; ಕೊನೆಗೆ ದುಡ್ಡು ಖರ್ಚು ಮಾಡಲೇಬೇಕು ಎನ್ನುವುದು ನನ್ನ ವಾದ.

ಈ ವರ್ಷ ಅವರು ಅದನ್ನೇ ಮಾಡಿದರು. ಜುಲೈ ಕೊನೆಯ ಆಟಗಾರರ ವಿನಿಮಯದ ಗಡುವಿಗೆ ಮೊದಲು ಅರಿಜೋನಾದಿಂದ ಜಾಶ್ ನೇಲರ್, ಯುಹೇನಿಯೊ ಸುವಾರೆಜ್ ಇಬ್ಬರನ್ನೂ ತಂದರು. ಸುವಾರೆಜ್ ಈ ವರ್ಷ ಎರಡೂ ತಂಡಗಳಿಗೆ ಸೇರಿ 49 ಹೋಮ್ ರನ್ ಹೊಡೆದ ಆಸಾಮಿ. (ಹೋಮ್ ರನ್ ಎಂದರೆ ನಮ್ಮ ಸಿಕ್ಸರ್‌ನ ಅಣ್ಣ.) ನೇಲರ್ ಓಟದಲ್ಲಿ ತೀರಾ ನಿಧಾನ, ಆದರೂ ಪಿಚರ್‌ನ ಕಣ್ಣು ತಪ್ಪಿಸಿ ಸಿಯಾಟಲ್ ಪರ 19 ಬೇಸ್ ಕದ್ದ. ತಲೆ ಓಡಿದರೆ ಕಾಲು ಓಡಲೇಬೇಕೆಂದಿಲ್ಲ ಎಂದು ಭಾವ ಹೇಳುತ್ತಾರೆ. ಸೆಪ್ಟೆಂಬರ್‌ನಲ್ಲಿ ಹ್ಯೂಸ್ಟನ್‌ಗೇ ಹೋಗಿ, ವರ್ಷಗಟ್ಟಲೆ ನಮ್ಮ ವಿಭಾಗ ಆಳಿದ ಆಸ್ಟ್ರೋಸ್ ತಂಡವನ್ನು ಮೂರಕ್ಕೆ ಮೂರೂ ಸೋಲಿಸಿದರು. ವಿಭಾಗ ಗೆದ್ದದ್ದು ಮೂರು ಗೆಲುವಿನ ಅಂತರದಲ್ಲಿ. ಆ ಮೂರೇ.

ಕ್ಯಾಲ್ ರ‍್ಯಾಲಿ ಬಗ್ಗೆ ಹೇಳದೆ ಮುಂದೆ ಹೋದರೆ ಪಾಪ ತಟ್ಟುತ್ತದೆ. ಆತ ಕ್ಯಾಚರ್, ಅಂದರೆ ನಮ್ಮ ವಿಕೆಟ್‌ಕೀಪರ್ ಇದ್ದ ಹಾಗೆ. ಇಡೀ ಆಟ ಕುಕ್ಕರಗಾಲಲ್ಲಿ ಕೂತು, ಗಂಟೆಗೆ 150 ಕಿ.ಮೀ. ಮೀರಿ ಬರುವ ಚೆಂಡು ಹಿಡಿಯುವ ಕೆಲಸ. ಇದಕ್ಕೆ ಮೊದಲು ಯಾವ ಕ್ಯಾಚರೂ ಒಂದು ವರ್ಷದಲ್ಲಿ 48 ಹೋಮ್ ರನ್ ದಾಟಿರಲಿಲ್ಲ. ಈತ 60 ಹೊಡೆದ. ಅದೂ ಬ್ಯಾಟರ್‌ಗಳಿಗೆ ಕಷ್ಟದ್ದೆಂದು ಹೆಸರಾದ ಮೈದಾನವನ್ನು ತವರಾಗಿಟ್ಟುಕೊಂಡು. ಅಮೆರಿಕನ್ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಮಾತ್ರ ಯಾಂಕೀಸ್‌ನ ಆ್ಯರನ್ ಜಡ್ಜ್‌ಗೆ ಹೋಯಿತು. ಇದನ್ನು ನಾನಂತೂ ಒಪ್ಪಿಲ್ಲ.

ಪ್ಲೇಆಫ್‌ನಲ್ಲಿ ಡೆಟ್ರಾಯಿಟ್ ಎದುರಿನ ಐದನೇ ಪಂದ್ಯ 15 ಇನಿಂಗ್ಸ್, ಸುಮಾರು ಐದು ಗಂಟೆ ನಡೆಯಿತು. ಗೆಲ್ಲಿಸಿದ್ದು ಹೋರ್ಹೆ ಪೊಲಾಂಕೊ ಹೊಡೆತ. ಟೊರಾಂಟೊ ಎದುರಿನ ಏಳನೇ ಪಂದ್ಯ ನಮಗೆ ದೀಪಾವಳಿ ಅಮಾವಾಸ್ಯೆಯ ಬೆಳಗು. ಏಳನೇ ಇನಿಂಗ್ಸ್‌ಗೆ ಬರುವಾಗ 3–1ರ ಮುನ್ನಡೆಯಿತ್ತು. ಇಬ್ಬರು ಎದುರಾಳಿಗಳು ಬೇಸ್ ಮೇಲಿದ್ದಾಗ ವ್ಯವಸ್ಥಾಪಕ ಡ್ಯಾನ್ ವಿಲ್ಸನ್ ತಂಡದ ಬ್ರಹ್ಮಾಸ್ತ್ರ ಆಂಡ್ರೆಸ್ ಮುನ್ಯೋಸ್‌ನನ್ನು ಕರೆಯದೆ ಎಡ್ವರ್ಡ್ ಬಜಾರ್ಡೊ ಕೈಗೆ ಚೆಂಡು ಕೊಟ್ಟರು. ಜಾರ್ಜ್ ಸ್ಪ್ರಿಂಗರ್ ಮೂರು ರನ್ನಿನ ಹೋಮ್ ರನ್ ಹೊಡೆದ. 4–3. ಜಸ್‌ಪ್ರೀತ್ ಬೂಮ್ರಾನನ್ನು ಕೊನೆಯ ಓವರ್‌ಗೆಂದು ಉಳಿಸಿಕೊಂಡು 18ನೇ ಓವರಿನಲ್ಲೇ ಪಂದ್ಯ ಕಳೆದುಕೊಂಡ ಹಾಗೆ. ಬಜಾರ್ಡೊ ವರ್ಷವಿಡೀ ಚೆನ್ನಾಗಿ ಎಸೆದವ, ಅವನನ್ನು ಬೈಯಲಾರೆ.

ಈಗ 2026. ನಮ್ಮ ಪರವಾಗಿರುವುದು ಪಿಚರ್‌ಗಳು: ಗಿಲ್ಬರ್ಟ್, ಕರ್ಬಿ, ವೂ, ಕಾಸ್ಟಿಯೊ, ಮಿಲ್ಲರ್. ಈ ವರ್ಷ ಇವರಲ್ಲಿ ಕಾಸ್ಟಿಯೊ ಬಿಟ್ಟು ಉಳಿದವರೆಲ್ಲ ಒಂದಲ್ಲ ಒಂದು ಹೊತ್ತಿನಲ್ಲಿ ಗಾಯಗೊಂಡಿದ್ದರು. ಆದರೂ 90 ಬಂತು. ನೇಲರ್ ಜೊತೆ 2025ರ ನವೆಂಬರ್‌ನಲ್ಲಿ ಐದು ವರ್ಷದ ಹೊಸ ಒಪ್ಪಂದವಾಗಿದೆ. ಆಸ್ಟ್ರೋಸ್ ಕಳೆದ ಚಳಿಗಾಲದಲ್ಲೇ ಬ್ರೆಗ್ಮನ್, ಟಕರ್ ಇಬ್ಬರನ್ನೂ ಕಳೆದುಕೊಂಡಿತು. ಈಗ ಅದರ ಮುಖ್ಯ ಪಿಚರ್ ಫ್ರಾಂಬರ್ ವಾಲ್ಡೆಜ್‌ನ ಒಪ್ಪಂದವೂ ಮುಗಿದಿದೆ. ವಿರುದ್ಧವಾಗಿರುವುದು ಒಂದು ಸರಳ ಸಂಗತಿ: ರ‍್ಯಾಲಿ ಮತ್ತೆ 60 ಹೊಡೆಯುವುದಿಲ್ಲ. 40 ಹೊಡೆದರೂ ಕ್ಯಾಚರ್‌ಗೆ ಅದು ಅದ್ಭುತವೇ, ಆದರೆ ತಂಡಕ್ಕೆ ಎರಡು ಮೂರು ಗೆಲುವು ಕಡಿಮೆ. ಅದೇ ಆ ಎರಡು ಮೂರು! ಅದನ್ನು ತುಂಬಬಲ್ಲ ಪೊಲಾಂಕೊ, ಸುವಾರೆಜ್ ಇಬ್ಬರ ಒಪ್ಪಂದವೂ ಮುಗಿದಿದೆ.

ಇವರಲ್ಲಿ ಒಬ್ಬನನ್ನಾದರೂ, ಅಥವಾ ಸಮಾನ ಬ್ಯಾಟರ್ ಒಬ್ಬನನ್ನು ತಂದರೆ ಪ್ಲೇಆಫ್ ಸಾಧ್ಯತೆ ನೂರಕ್ಕೆ 65 ಎನ್ನುತ್ತೇನೆ. ಯಾರನ್ನೂ ತರದೆ 54ರ ತಾಳ್ಮೆಗೇ ಮರಳಿದರೆ ಐವತ್ತು. ಭಾವ ಎಂಬತ್ತು ಎನ್ನುತ್ತಾರೆ, ಅವರು ಟಿಕೆಟ್‌ಗೆ ದುಡ್ಡು ಕೊಡುವವರು. ಅವರಿಬ್ಬರ ಒಪ್ಪಂದದ ಸುದ್ದಿ ಬಂತಾ ಎಂದು ದಿನಕ್ಕೆರಡು ಸಲ ಫೋನ್ ನೋಡುತ್ತಿದ್ದೇನೆ. ಪರೀಕ್ಷೆಯ ಫಲಿತಾಂಶವನ್ನು ನೋಡುವುದು ಅದಾದ ಮೇಲೆ.