ಪೈಪ್ ದೊಡ್ಡದಾದರೆ ಪಿಕಪ್ ಹೆಚ್ಚುತ್ತದೆಯೇ?

ನನ್ನ ಅಣ್ಣ ಅಂಗಡಿಯಲ್ಲಿ ದುಡಿದು ಕೂಡಿಟ್ಟಿದ್ದ 18,000 ರೂಪಾಯಿ ಕೊಟ್ಟು ತನ್ನ ಹಳೆಯ 1.5 ಲೀಟರ್ ಟರ್ಬೊ ಡೀಸೆಲ್ ಕಾರಿಗೆ ದಪ್ಪ ಇಂಟರ್‌ಕೂಲರ್ ಪೈಪ್ ಹಾಕಿಸಿದ. ಪಿಕಪ್ ಕಡಿಮೆಯಾಗಿತ್ತು. "ಕಂಪನಿಯ ಪೈಪ್ 50 ಮಿ.ಮೀ. ಮಾತ್ರ, 75 ಹಾಕಿ, ಗಾಳಿ ಜಾಸ್ತಿ ಹೋಗುತ್ತದೆ" ಎಂದು ಯಾರೋ ಹೇಳಿದ್ದರು. ಪಕ್ಕದಲ್ಲೇ ನಿಂತಿದ್ದ ನಾನೂ ತಲೆಯಾಡಿಸಿದೆ. ಕಾರು ಹೊರಬಂದಾಗ ಪಿಕಪ್ ಇನ್ನಷ್ಟು ಮಂದವಾಗಿತ್ತು.

ನನಗೆ ಬೇಸರವಾದದ್ದು ಹಣ ಹೋದದ್ದಕ್ಕಷ್ಟೇ ಅಲ್ಲ. ಇದಕ್ಕೆ ಬೇಕಾದ ಸೂತ್ರ ನನಗೆ ಗೊತ್ತಿತ್ತು. ಪ್ರಥಮ ಪಿಯುಸಿಯಲ್ಲಿ ಸಾತತ್ಯ ಸಮೀಕರಣದ ಪ್ರಶ್ನೆಗೆ ನಾನು ಪೂರ್ತಿ ಅಂಕ ಪಡೆದವನು.

ಟರ್ಬೊ ಗಾಳಿಯನ್ನು ಒತ್ತುತ್ತದೆ, ಒತ್ತಿದಾಗ ಗಾಳಿ ಬಿಸಿಯಾಗುತ್ತದೆ. ಇಂಟರ್‌ಕೂಲರ್ ಅದನ್ನು ತಣಿಸಿ ಎಂಜಿನ್‌ಗೆ ಕಳುಹಿಸುತ್ತದೆ. ಇವುಗಳ ನಡುವಿನ ದಾರಿಯೇ ಈ ಪೈಪ್. ಅದರ ಅಳತೆ ಎಷ್ಟಿರಬೇಕು? ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಪೂರ್ತಿ ಗಾತ್ರದಷ್ಟು ಗಾಳಿ ಎಳೆಯುತ್ತದೆ. 4000 ಆರ್‌ಪಿಎಂನಲ್ಲಿ 1.5 ಲೀಟರ್ ಎಂಜಿನ್‌ಗೆ ನಿಮಿಷಕ್ಕೆ ಸುಮಾರು 3000 ಲೀಟರ್, ಅಂದರೆ ಸೆಕೆಂಡಿಗೆ 50 ಲೀಟರ್. ಇದನ್ನು ಪೈಪಿನ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿದರೆ 50 ಮಿ.ಮೀ. ಪೈಪಿನಲ್ಲಿ ವೇಗ ಸೆಕೆಂಡಿಗೆ ಸುಮಾರು 25 ಮೀಟರ್. ಗಾಳಿಯ ವೇಗ ಶಬ್ದದ ವೇಗದ 0.4 ಪಟ್ಟು ಮೀರದಿರಲಿ ಎಂಬುದು ಟ್ಯೂನಿಂಗ್ ಮಾಡುವವರ ರೂಢಿಯ ಲೆಕ್ಕ. ನಮ್ಮದು 0.1 ಪಟ್ಟು ಕೂಡ ಇಲ್ಲ! ಹಳೆಯ ಪೈಪ್ ಯಾವ ಅಡ್ಡಿಯನ್ನೂ ಮಾಡುತ್ತಿರಲಿಲ್ಲ.

ದಪ್ಪ ಪೈಪಿನಿಂದ ನಷ್ಟವೂ ಇದೆ. ಎರಡು ಮೀಟರ್ ಉದ್ದದ 50 ಮಿ.ಮೀ. ಪೈಪಿನಲ್ಲಿ ಹಿಡಿಯುವುದು ಸುಮಾರು 4 ಲೀಟರ್, 75ರಲ್ಲಿ ಸುಮಾರು 9 ಲೀಟರ್. ಆಕ್ಸಿಲರೇಟರ್ ತುಳಿದಾಗ ಟರ್ಬೊ ಮೊದಲು ಈ ಜಾಗದಲ್ಲೆಲ್ಲ ಒತ್ತಡ ತುಂಬಬೇಕು. ಜೊತೆಗೆ ಎರಡೂ ತುದಿಯಲ್ಲಿ ಮತ್ತೆ 50ಕ್ಕೆ ಇಳಿಸುವ ರಿಡ್ಯೂಸರ್‌ಗಳು, ಹೆಚ್ಚುವರಿ ಜೋಡಣೆಗಳು.

ದೊಡ್ಡ ಪೈಪ್ ಎಲ್ಲಿಯೂ ಬೇಡ ಎನ್ನುತ್ತಿಲ್ಲ. 6500 ಆರ್‌ಪಿಎಂವರೆಗೆ ಓಡುವ 3 ಲೀಟರ್ ಎಂಜಿನ್ ಆದರೆ ಅದೇ 50 ಮಿ.ಮೀ. ಪೈಪಿನಲ್ಲಿ ವೇಗ 80 ಮೀಟರ್ ದಾಟುತ್ತದೆ. ವೇಗ ಏರಿದಂತೆ ಒತ್ತಡದ ನಷ್ಟ ಹೆಚ್ಚುಕಡಿಮೆ ಅದರ ವರ್ಗದಷ್ಟು ಏರುತ್ತದೆ. ಅಲ್ಲಿ 63 ಹಾಕುವುದಕ್ಕೆ ಕಾರಣವಿದೆ. ಅಳತೆಯನ್ನು ಎಂಜಿನ್ ಹೇಳಬೇಕು, ಬಾಯಿಮಾತು ಅಲ್ಲ.

ಕೊನೆಗೆ ಮಾಮ ಹಳೆಯ ಪೈಪನ್ನೇ ಮರಳಿ ಜೋಡಿಸಿದರು. ಆಗ ಗೊತ್ತಾದದ್ದು, ಒಂದು ರಬ್ಬರ್ ಹೋಸ್‌ನ ಕ್ಲ್ಯಾಂಪ್ ಸಡಿಲವಾಗಿ ಅಲ್ಲಿಂದ ಗಾಳಿ ಸೋರುತ್ತಿತ್ತು. ಹೊಸ ಕ್ಲ್ಯಾಂಪ್ ಹಾಕಿದರು, ಪಿಕಪ್ ಮರಳಿ ಬಂತು.

ನಾವು ಸಿಇಟಿಗಾಗಿ ನೂರಾರು ಲೆಕ್ಕ ಬಿಡಿಸುತ್ತೇವೆ. ಆದರೆ ಗ್ಯಾರೇಜಿನಲ್ಲಿ, ಮೋಟಾರ್ ಪಂಪಿನ ಮುಂದೆ, ಮನೆಯವರು ಹಣ ಎಣಿಸುವ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುತ್ತೇವೆ. ಉಪನ್ಯಾಸಕರಲ್ಲಿ ನನ್ನ ವಿನಂತಿ: ಪ್ರತಿ ಪಾಠಕ್ಕೆ ಒಂದಾದರೂ ಲೆಕ್ಕ ನಮ್ಮೂರಿನ ಯಂತ್ರದಿಂದ ಬರಲಿ. ಗೆಳೆಯರೇ, ನಿಮ್ಮಲ್ಲಿ ಕೇಳುವುದು ಇಷ್ಟೇ. ಮನೆಯಲ್ಲಿ ಯಾರಾದರೂ "ದೊಡ್ಡದು ಹಾಕಿದರೆ ಸರಿಯಾಗುತ್ತದೆ" ಎಂದರೆ, ಹಣ ಕೊಡುವ ಮೊದಲು ಹತ್ತು ನಿಮಿಷ ಪೆನ್ನು ಕಾಗದ ಹಿಡಿದು ಕುಳಿತುಕೊಳ್ಳಿ. ನಾನು ಆ ದಿನ ಹಾಗೆ ಕೂರಲಿಲ್ಲ.