ಮನುಷ್ಯನ ಕೈ ಸೋಕದ ಪ್ರಕೃತಿಯಂತೆ!

ಸಿಯಾಟಲ್ ಕಡೆಯ ನಮ್ಮ ಬ್ಲಾಗಿಗರು ವಿಡ್ಬಿ ದ್ವೀಪದ ಈಬೀಸ್ ಲ್ಯಾಂಡಿಂಗ್‌ಗೆ ಹೋಗಿಬಂದರೆ ಸಾಕು, "ಮನುಷ್ಯನ ಕೈ ಸೋಕದ ಪ್ರಕೃತಿ" ಅಂತ ಬರೆದುಬಿಡ್ತಾರೆ. ಈ ಸಾಲು ಕಂಡರೆ ನನಗೆ ಮೈ ಉರಿಯುತ್ತೆ.

ಕಳೆದ ತಿಂಗಳು ನಾನೂ ಅಲ್ಲಿಗೆ ಗೈಡ್ ಜೊತೆ ಒಂದು ದಿನದ ಚಾರಣ ಹೋಗಿದ್ದೆ. ಹುಲ್ಲುಬಯಲು ದಾಟಿ, ಕಡಲಂಚಿನ ದಿಬ್ಬದ ನೆತ್ತಿಯಲ್ಲಿ ನಡೆದು, ಪೆರಿಗೋಸ್ ಲಗೂನ್ ಹತ್ತಿರ ಇಳಿದು, ಬೀಚಿನಗುಂಟ ವಾಪಸ್. ಜಾಗ ಚೆಂದ, ಎರಡು ಮಾತಿಲ್ಲ. ಆದರೆ ಗೈಡ್ ಕಥೆ ಶುರುಮಾಡಿದ್ದೇ 1850ರಿಂದ, ಐಸಾಕ್ ಈಬೀ ಬಂದು 640 ಎಕರೆ ತನ್ನದು ಅಂದಲ್ಲಿಂದ. ಅದಕ್ಕೂ ಮುಂಚೆ?

ಮುಂಚೆ ಲೋವರ್ ಸ್ಕ್ಯಾಜಿಟ್ ಜನ ಇದ್ದರು ಸ್ವಾಮಿ. ಕಾಮಸ್ ಗೆಡ್ಡೆ ಅವರ ಆಹಾರ. ಅದು ಚೆನ್ನಾಗಿ ಬರಲಿ, ಫರ್ ಮರಗಳು ನುಗ್ಗದಿರಲಿ ಅಂತ ಆಗಾಗ ಬೆಂಕಿ ಹಾಕಿ ಆ ಬಯಲನ್ನು ಬಯಲಾಗಿ ಉಳಿಸಿದವರೇ ಅವರು. ನಾವು 'ವಾವ್' ಅಂದಿದ್ದು ಅವರ ಹೊಲ ನೋಡಿ! ಅದನ್ನೇ ಖಾಲಿ ಜಾಗ ಅನ್ನೋ ಹಾಗೆ ಅಮೆರಿಕ ಸರ್ಕಾರ ವಲಸೆಗಾರರಿಗೆ ಪುಕ್ಕಟೆ ಹಂಚಿತು. ಭೂಮಿ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಬಿದ್ದದ್ದು ಆಮೇಲೆ, 1855ರಲ್ಲಿ. ಅದೂ ಎಲ್ಲಿ? ನಾವು ಫೆರ್ರಿ ಹತ್ತುವ ಮುಕಿಲ್ಟಿಯೋದಲ್ಲೇ.

1978ರಲ್ಲಿ ಇದನ್ನು ರಾಷ್ಟ್ರೀಯ ಐತಿಹಾಸಿಕ ಮೀಸಲು ಪ್ರದೇಶ ಮಾಡಿದರು. ರೈತರು ಇವತ್ತಿಗೂ ಅಲ್ಲಿ ಉಳುತ್ತಾರೆ. ಕಣ್ಣೆದುರಿಗೇ ಉತ್ತ ಹೊಲ ಇದ್ದೂ 'ಕೈ ಸೋಕದ' ಅಂದರೆ ಹೇಗೆ?

"ಇಲ್ಲಿ ಯಾರೂ ಇರಲಿಲ್ಲ" ಅನ್ನೋದು ಜಮೀನು ಹೊಡೆದವರ ಮಾತು. ಅದನ್ನು ನಮ್ಮ ಕನ್ನಡದಲ್ಲೂ ಯಾಕೆ ಒಪ್ಪಿಸಬೇಕು? ಫೋಟೋ ಹಾಕಿ, ಸೂರ್ಯಾಸ್ತ ವರ್ಣಿಸಿ, ತಕರಾರಿಲ್ಲ. ಜೊತೆಗೆ ಆ ಗೆಡ್ಡೆ ಬೆಳೆದವರಿಗೂ ಒಂದು ಸಾಲು ಇರಲಿ. ಏನಂತೀರಿ?